ಕತ್ತಲನ್ನು ಒರೆಸಬೇಡಿ: ಹಳೇ ನುವಾರ್ ಸಿನಿಮಾ ಸರಿ ಮಾಡಿ ತೋರಿಸುವ ಬಗೆ

ನ್ಯೂಜೆರ್ಸಿಯಲ್ಲಿರುವ ದೊಡ್ಡಮ್ಮನ ಮಗ ದೀಪಾವಳಿಗೆ ಬಂದಿದ್ದ. ಸೂಟ್‌ಕೇಸ್ ತೆಗೆದನೋ ಇಲ್ಲವೋ, ಮನೆ ತುಂಬ ಹುಳಿ ವಾಸನೆ. "ಏನೋ ಇದು, ವಿನೆಗರ್ ಬಾಟ್ಲಿ ಚೆಲ್ಕೊಂಡ್ಯಾ?" ಅಂತ ದೊಡ್ಡಮ್ಮ ಗದರಿದರು. ಚೆಲ್ಲಿರಲಿಲ್ಲ. ಬಟ್ಟೆಗಳ ನಡುವೆ ಎರಡು ತಗಡಿನ ಡಬ್ಬಿಗಳಿದ್ದವು. "ಅಕ್ಕಾ, ನೀನು ಕೇಳಿದ್ದೆಯಲ್ಲ, ತಗೋ" ಅಂದ. ಆನ್‌ಲೈನ್ ಹರಾಜಿನಲ್ಲಿ ಹಿಡಿದ 16 ಎಂಎಂ ಅಗಲದ ಫಿಲ್ಮ್ ಪ್ರಿಂಟು. ಸಿನಿಮಾ 1945ರ 'ಡಿಟೂರ್', ನಿರ್ದೇಶಕ ಎಡ್ಗರ್ ಜಿ. ಉಲ್ಮರ್.

ನಾನು ಚೆನ್ನೈನ ಒಂದು ಸ್ಟುಡಿಯೋದಲ್ಲಿ 11 ವರ್ಷ ಹಳೇ ಸಿನಿಮಾಗಳ ಫ್ರೇಮಿನಿಂದ ಧೂಳು ಹೆಕ್ಕುವ ಕೆಲಸ ಮಾಡಿದವಳು. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ, ದಿನವಿಡೀ. ಈಗ ಮೈಸೂರಿನಲ್ಲಿದ್ದೇನೆ. ಗೆಳತಿಯೊಬ್ಬಳ ಭರತನಾಟ್ಯದ ಹಾಲಿನಲ್ಲಿ ತಿಂಗಳಿಗೊಂದು ಭಾನುವಾರ 70 ಕುರ್ಚಿ ಹಾಕಿ ನುವಾರ್ ಸಿನಿಮಾ ತೋರಿಸುತ್ತೇವೆ. "ನಮ್ಮೂರಲ್ಲೂ ಮಾಡಬೇಕು, ಹೇಗೆ ಅಂತ ಹೇಳಿ" ಅಂತ ಕೇಳುವವರು ಜಾಸ್ತಿಯಾಗಿದ್ದಾರೆ. ಒಬ್ಬೊಬ್ಬರಿಗೆ ಫೋನಿನಲ್ಲಿ ಹೇಳಿ ಸಾಕಾಗಿದೆ, ಅದಕ್ಕೇ ಇದು.

ನುವಾರ್ ಅಂದರೆ ಫ್ರೆಂಚಿನಲ್ಲಿ ಕಪ್ಪು. ಯುದ್ಧ ಮುಗಿದ ಮೇಲೆ ಪ್ಯಾರಿಸ್ಸಿಗೆ ಬಂದಿಳಿದ ಅಮೆರಿಕದ ಅಪರಾಧದ ಸಿನಿಮಾಗಳನ್ನು ನೋಡಿ 1946ರಲ್ಲಿ ನೀನೋ ಫ್ರಾಂಕ್ ಎಂಬ ವಿಮರ್ಶಕ ಇಟ್ಟ ಹೆಸರು. ಈ ಸಿನಿಮಾಗಳಲ್ಲಿ ಕಪ್ಪೇ ಸರಕು. ರಿಪೇರಿ ಮಾಡುವವರೂ ತೋರಿಸುವವರೂ ಮಾಡುವ ಮುಕ್ಕಾಲು ಪಾಲು ತಪ್ಪು ಇದನ್ನು ಮರೆತದ್ದರಿಂದಲೇ.

ಮೊದಲು ಮೂಗು, ಆಮೇಲೆ ಕೈ

ಡಬ್ಬಿ ಸಿಕ್ಕಿತು ಅಂತ ಸೀದಾ ಪ್ರೊಜೆಕ್ಟರಿಗೆ ಏರಿಸಬೇಡಿ. ಮುಚ್ಚಳ ತೆಗೆದು ಮೂಸಿ ನೋಡಿ. ವಿನೆಗರ್ ವಾಸನೆ ಬಂದರೆ ಫಿಲ್ಮಿನ ಅಸಿಟೇಟ್, ಅಂದರೆ ಚಿತ್ರ ಕೂತಿರುವ ಪ್ಲಾಸ್ಟಿಕ್ ಪಟ್ಟಿ, ಕೊಳೆಯಲು ಶುರುವಾಗಿದೆ ಅಂತ. ಅದರಿಂದ ಹೊರಬರುವ ಆಮ್ಲವೇ ಅದನ್ನು ಇನ್ನಷ್ಟು ಕೊಳೆಸುತ್ತದೆ, ಪಕ್ಕದ ರೀಲಿಗೂ ಅಂಟಿಸುತ್ತದೆ. ಎ-ಡಿ ಸ್ಟ್ರಿಪ್ ಅಂತ ನೀಲಿ ಕಾಗದದ ಚೂರು ಬರುತ್ತದೆ. ಡಬ್ಬಿಯೊಳಗೆ ಒಂದು ದಿನ ಇಡಿ. ನೀಲಿಯಾಗೇ ಉಳಿದರೆ ಚಿಂತೆಯಿಲ್ಲ. ಹಸಿರಾದರೆ ಬೇಗ ಸ್ಕ್ಯಾನ್ ಮಾಡಿಸಿ. ಹಳದಿಯಾದರೆ ಬೇರೆ ಕೆಲಸ ಬಿಟ್ಟು ಇವತ್ತೇ ಹೊರಡಿ. ನಂದು ಹಸಿರಾಯಿತು. ತಗಡಿನಿಂದ ತೆಗೆದು ಗಾಳಿಯಾಡುವ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಬೇರೆ ರೀಲುಗಳಿಂದ ದೂರ ಇಟ್ಟೆ.

16 ಎಂಎಂ ಮೊದಲಿನಿಂದಲೂ ಸುಲಭಕ್ಕೆ ಬೆಂಕಿ ಹಿಡಿಯದ ಸೇಫ್ಟಿ ಫಿಲ್ಮೇ, ಭಯವಿಲ್ಲ. 35 ಎಂಎಂ ಸಿಕ್ಕರೆ ಹುಷಾರು. 1951ರ ಸುಮಾರಿನವರೆಗೆ ಅದು ಬಹುಪಾಲು ನೈಟ್ರೇಟ್. ಅದಕ್ಕೆ ಬೆಂಕಿ ಬಿದ್ದರೆ ಬೇಕಾದ ಆಮ್ಲಜನಕವನ್ನು ತಾನೇ ಹುಟ್ಟಿಸಿಕೊಂಡು ಉರಿಯುತ್ತದೆ, ನೀರು ಹುಯ್ದರೂ ಆರದು. 2003ರ ಜನವರಿಯಲ್ಲಿ ಪುಣೆಯಲ್ಲಿ ನೈಟ್ರೇಟ್ ರೀಲುಗಳಿಗೆ ಬೆಂಕಿ ಬಿದ್ದು ನಮ್ಮ ದೇಶದ ಎಷ್ಟೋ ಹಳೇ ಸಿನಿಮಾಗಳು ಹೋದವು. ಅಂಥದ್ದು ಮನೆಯಲ್ಲಿ ಬೇಡ. ಪುಣೆಯ ಫಿಲ್ಮ್ ಆರ್ಕೈವಿಗೆ ಫೋನ್ ಮಾಡಿ, ಅವರ ಮಾತು ಕೇಳಿ.

ಆಮೇಲೆ ಹತ್ತಿಯ ಕೈಗವಸು ಹಾಕಿಕೊಂಡು ರಿವೈಂಡರಿನಲ್ಲಿ ನಿಧಾನಕ್ಕೆ ಸುತ್ತಿ. ಫಿಲ್ಮಿನ ಅಂಚು ಹೆಬ್ಬೆರಳು, ತೋರುಬೆರಳ ನಡುವೆ ಹಾಯಬೇಕು. ಹರಿದ ತೂತು, ಬಿಟ್ಟುಕೊಂಡ ಜಾಯಿಂಟು ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತದೆ. ನನ್ನ ಪ್ರಿಂಟಿನಲ್ಲಿ 23 ಜಾಯಿಂಟು. ಅದರಲ್ಲಿ 4 ಕಡೆ ಯಾರೋ ಮನೆಯ ಅಂಟುಪಟ್ಟಿ ಹಚ್ಚಿದ್ದರು, ಅದರ ಗೋಂದು ಪಕ್ಕದ ಫ್ರೇಮಿಗೂ ಹರಿದಿತ್ತು. ಕುಗ್ಗಿದೆಯಾ ಅಂತ ನೋಡಲು ಹೊಸ ಫಿಲ್ಮಿನ ತುಂಡೊಂದನ್ನು ಪಕ್ಕದಲ್ಲಿಟ್ಟು 100 ತೂತು ಎಣಿಸಿ. ಹಳೆಯದು ಒಂದು ತೂತಿನಷ್ಟು ಹಿಂದೆ ಬಿದ್ದಿದ್ದರೆ 1 ಪರ್ಸೆಂಟ್ ಕುಗ್ಗಿದೆ. ಅಂಥ ರೀಲನ್ನು ಹಲ್ಲಿನ ಚಕ್ರವಿರುವ ಪ್ರೊಜೆಕ್ಟರಿಗೆ ಕೊಡಬೇಡಿ, ತಿಂದುಹಾಕುತ್ತದೆ.

ಬೇರೆ ಯಾರೋ ಮಾಡಿದ್ದಾರಾ?

ರಿಪೇರಿಗೆ ಕೂರುವ ಮೊದಲು ಇದನ್ನು ಕೇಳಿಕೊಳ್ಳಿ. ಡಿಟೂರ್‌ನ ಮೂಲ ನೆಗೆಟಿವ್ ಉಳಿದಿಲ್ಲ. ಆದರೂ ಅಕಾಡೆಮಿ ಫಿಲ್ಮ್ ಆರ್ಕೈವ್ ಮತ್ತು ದಿ ಫಿಲ್ಮ್ ಫೌಂಡೇಶನ್ ಸೇರಿ 2018ರಲ್ಲಿ 4ಕೆ (ಅಡ್ಡಕ್ಕೆ ಸುಮಾರು 4 ಸಾವಿರ ಚುಕ್ಕೆಯ) ಡಿಜಿಟಲ್ ಪ್ರತಿ ತಂದರು. ಬೆಲ್ಜಿಯಂನ ಆರ್ಕೈವಿನಲ್ಲಿ ಸಿಕ್ಕ ಪ್ರಿಂಟು ಚೆನ್ನಾಗಿತ್ತು. ಆದರೆ ಫ್ರೆಂಚ್, ಫ್ಲೆಮಿಶ್ ಸಬ್‌ಟೈಟಲ್ ಚಿತ್ರದ ಮೇಲೇ ಅಚ್ಚಾಗಿತ್ತು. ಅದನ್ನೆಲ್ಲ ಅಳಿಸಿ ಅಡಿಯಲ್ಲಿದ್ದ ಚಿತ್ರ ತುಂಬಿದರು. ನಾನು ಮತ್ತು ನನ್ನ ಲ್ಯಾಪ್‌ಟಾಪು ಏಳು ಜನ್ಮ ಎತ್ತಿದರೂ ಆಗದ ಕೆಲಸ. ಹಾಗಾಗಿ ಒಳ್ಳೆಯ ಪ್ರತಿ ಇದ್ದರೆ ದುಡ್ಡು ಕೊಟ್ಟು ಅದನ್ನೇ ತರಿಸಿ. ಅದರಲ್ಲಿ ಅವಮಾನವೇನಿಲ್ಲ.

ಮತ್ತೆ ನನ್ನ 16 ಎಂಎಂ ಯಾಕೆ? ಕೈ ಪಳಗಿಸಿಕೊಳ್ಳಲು. ಮತ್ತೆ ಪ್ರದರ್ಶನಕ್ಕೆ ಮುಂಚೆ ಐದು ನಿಮಿಷ ಎರಡನ್ನೂ ಪಕ್ಕಪಕ್ಕ ತೋರಿಸಲು. ಜನಕ್ಕೆ ಇದು ಬಹಳ ಇಷ್ಟ, ಗೋಡೆಗೆ ಸುಣ್ಣ ಹೊಡೆಯುವ ಮುಂಚೆ, ಹೊಡೆದ ಮೇಲೆ ಅಂತ ನೋಡಿದ ಹಾಗೆ.

ಹಾಳು ಪ್ರಿಂಟು ಅಂತ ಎಸೆಯಬೇಡಿ ಅನ್ನುವುದಕ್ಕೆ ಇನ್ನೊಂದು ಕತೆ ಇದೆ. 1950ರ 'ವುಮನ್ ಆನ್ ದಿ ರನ್' ಸಿನಿಮಾದ ಪ್ರಿಂಟೊಂದನ್ನು ನುವಾರ್ ಇತಿಹಾಸಕಾರ ಎಡ್ಡಿ ಮುಲ್ಲರ್ 2003ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ನುವಾರ್ ಸಿಟಿ ಉತ್ಸವದಲ್ಲಿ ತೋರಿಸಿದರು. 2008ರಲ್ಲಿ ಹಾಲಿವುಡ್ ಸ್ಟುಡಿಯೋ ಒಂದಕ್ಕೆ ಬಿದ್ದ ಬೆಂಕಿಯಲ್ಲಿ ಆ ಪ್ರಿಂಟು ಸುಟ್ಟುಹೋಯಿತು. ಆಮೇಲೆ ಬ್ರಿಟನ್ನಿನ ಬಿಎಫ್‌ಐ (ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್) ಸಂಗ್ರಹದಲ್ಲಿ ಪ್ರತಿ ಇರುವುದು ಗೊತ್ತಾಗಿ ಸಿನಿಮಾ ಉಳಿಯಿತು. ಯಾವ ಪ್ರತಿ ಕೊನೆಯದಾಗುತ್ತದೋ ಹೇಳಲಾಗದು.

ಸ್ಕ್ಯಾನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. 16 ಎಂಎಂಗೆ 2ಕೆ ಸಾಕು. ಸಿನಿಮಾ ಸುಮಾರು 68 ನಿಮಿಷ, ಸೆಕೆಂಡಿಗೆ 24 ಫ್ರೇಮು, ಅಂದರೆ ಒಟ್ಟು 97,920 ಫ್ರೇಮು. ಫ್ರೇಮಿಗೆ ಸುಮಾರು 12.7 ಎಂಬಿ ಹಿಡಿದರೆ ಒಂದೂಕಾಲು ಟಿಬಿ ಆಗುತ್ತದೆ. ಎರಡು ಡಿಸ್ಕ್ ತಗೊಂಡು ಹೋಗಿ, ಎರಡನ್ನೂ ಒಂದೇ ಬ್ಯಾಗಿನಲ್ಲಿ ತರಬೇಡಿ. ಸ್ಕ್ಯಾನ್ ಮಾಡುವ ಹುಡುಗನಿಗೆ ಒಂದೇ ಮಾತು ಹೇಳಿ: "ಚೆಂದ ಮಾಡಬೇಡಪ್ಪ, ಸಪ್ಪೆಯಾಗಿ ಕೊಡು." ಪ್ರಿಂಟಿನಲ್ಲಿ ಕಪ್ಪುಬಿಳುಪಿನ ಅಂತರ ಮೊದಲೇ ಗಟ್ಟಿ. ಸ್ಕ್ಯಾನಿನಲ್ಲೇ ಇನ್ನೂ ಗಟ್ಟಿ ಮಾಡಿದರೆ ನೆರಳಿನಲ್ಲಿ ಇದ್ದದ್ದು ಹೋದಂತೆಯೇ.

ನಾನು ಅಳಿಸಿದ ಗುಂಡು

ಧೂಳು ತೆಗೆಯುವ ಸಾಫ್ಟ್‌ವೇರ್ ಹೇಗೆ ಯೋಚಿಸುತ್ತದೆ ಗೊತ್ತಾ? ಒಂದೇ ಫ್ರೇಮಿನಲ್ಲಿ ಇದ್ದು ಹಿಂದಿನ, ಮುಂದಿನ ಫ್ರೇಮಿನಲ್ಲಿ ಇಲ್ಲದ್ದು ಕಸ. ಅಷ್ಟೇ ಅದರ ಬುದ್ಧಿ. ಕೆಲಸಕ್ಕೆ ಸೇರಿದ ಮೊದಲ ವರ್ಷ ಒಂದು ಹಳೇ ಕಪ್ಪುಬಿಳುಪು ಪತ್ತೇದಾರಿ ಸಿನಿಮಾಕ್ಕೆ ಆಟೋಮ್ಯಾಟಿಕ್ ಹಾಕಿ ಊಟಕ್ಕೆ ಹೋದೆ. ಬಂದು ನೋಡಿದರೆ ಎಲ್ಲ ತೊಳೆದ ಪಾತ್ರೆಯ ಹಾಗೆ ಫಳಫಳ. ಮೂರು ವಾರ ಆದ ಮೇಲೆ ಸೌಂಡ್ ನೋಡಿಕೊಳ್ಳುವವರು ಕೂಗಿದರು: "ಏನಮ್ಮಾ, ಢಂ ಅಂತ ಸದ್ದು ಬರ್ತದೆ, ಪಿಸ್ತೂಲು ಮಾತ್ರ ಸುಮ್ನಿದೆಯಲ್ಲ?" ನಳಿಕೆಯ ಬಾಯಲ್ಲಿ ಬರುವ ಬೆಂಕಿ ಸಿನಿಮಾದಲ್ಲಿ ಒಂದೇ ಫ್ರೇಮು ಇರುತ್ತದೆ. ಸಾಫ್ಟ್‌ವೇರ್ ಅದನ್ನು ಕಸ ಅಂತ ಗುಡಿಸಿತ್ತು.

ನುವಾರ್‌ನಲ್ಲಿ ಇಂಥ ಒಂದು ಫ್ರೇಮಿನ ಸಂಗತಿಗಳೇ ತುಂಬ. ಮಳೆಹನಿ, ಸಿಗರೇಟಿನ ಕಿಡಿ, ಒದ್ದೆ ರಸ್ತೆಯ ಮೇಲೆ ಕಾರಿನ ದೀಪದ ಮಿಂಚು. ಹಾಗಾಗಿ ಆಟೋಮ್ಯಾಟಿಕ್ಕನ್ನು ಕಮ್ಮಿಗೆ ಇಡಿ. ಗುಂಡು, ಮಳೆ, ಹೊಗೆ ಇರುವ ಶಾಟುಗಳನ್ನು ಮೊದಲೇ ಪಟ್ಟಿ ಮಾಡಿಕೊಂಡು ಕೈಯಲ್ಲೇ ಹೆಕ್ಕಿ. ಹೆಕ್ಕುವಾಗ ಒಂದು ಸುಳಿವು: ಕಪ್ಪು ಚುಕ್ಕೆಯಾದರೆ ಧೂಳು ಈ ಪ್ರಿಂಟಿನ ಮೇಲೇ ಕೂತಿದೆ, ಫಿಲ್ಮ್ ತೊಳೆದು ಮತ್ತೆ ಸ್ಕ್ಯಾನ್ ಮಾಡಿದರೆ ಹೋದೀತು. ಬಿಳಿ ಚುಕ್ಕೆಯಾದರೆ ಧೂಳು ನೆಗೆಟಿವ್ ಮೇಲಿತ್ತು, ಪ್ರಿಂಟ್ ಹಾಕುವಾಗಲೇ ಅಚ್ಚಾಗಿದೆ. ಅದನ್ನು ತೊಳೆದು ಪ್ರಯೋಜನವಿಲ್ಲ.

ಡಿಟೂರ್‌ನಲ್ಲಿ ಇನ್ನೊಂದು ಬಲೆ ಇದೆ. ಶುರುವಿನಲ್ಲಿ ನಾಯಕ ರಸ್ತೆಬದಿಯ ಹೋಟೆಲಿನಲ್ಲಿ ಕೂತಿರುತ್ತಾನೆ. ಕ್ಯಾಮೆರಾ ಹತ್ತಿರ ಬರುತ್ತದೆ, ಸುತ್ತಲಿನ ಬೆಳಕು ಕಣ್ಣೆದುರೇ ಇಳಿಯುತ್ತದೆ, ಕಣ್ಣಿನ ಹತ್ತಿರ ಮಾತ್ರ ಒಂದಿಷ್ಟು ಉಳಿಯುತ್ತದೆ. ಅಲ್ಲಿಂದ ಅವನ ಹಳೇ ಕತೆ. ಬೆಳಕಿನ ಮಿಣುಕಾಟ ಸರಿ ಮಾಡುವ ಟೂಲ್ ಇದೆಯಲ್ಲ, ಅದನ್ನು ಇಡೀ ಸಿನಿಮಾಕ್ಕೆ ಒಂದೇ ಸಲ ಹಾಕಿದರೆ ಇದನ್ನೂ ದೋಷ ಅಂತ ಸಮತಟ್ಟು ಮಾಡಿಬಿಡುತ್ತದೆ. ಸೆಟ್ಟಿನಲ್ಲಿ ಯಾರೋ ಒಬ್ಬ ಶಾಟ್ ನಡೆಯುತ್ತಿರುವಾಗಲೇ ದೀಪ ಇಳಿಸಿದ್ದಾನೆ. ಅವನ ಕೈಕೆಲಸ ಅದು. ಶಾಟ್ ಶಾಟಿಗೂ ಬೇರೆ ಬೇರೆಯಾಗಿ ಹಾಕಿ, ಇಲ್ಲಿ ಹಾಕಲೇಬೇಡಿ.

ಕಪ್ಪು ಎಷ್ಟಿರಬೇಕು ಅನ್ನುವುದು ಕೊನೆಯ ಕೆಲಸ, ಕಷ್ಟದ ಕೆಲಸ. ಈಗಿನ ಕಣ್ಣಿಗೆ ಎಲ್ಲವೂ ಕಾಣಬೇಕು. ಮೊಬೈಲಿನ ರಾತ್ರಿ ಫೋಟೋ ನೋಡಿ ನೋಡಿ ಹಾಗಾಗಿದೆ. ಉಲ್ಮರ್ ಹತ್ತಿರ ದುಡ್ಡಿರಲಿಲ್ಲ. ನ್ಯೂಯಾರ್ಕಿನ ಬೀದಿ ಬೇಕಾದಾಗ ಅವನು ಮಂಜು ತುಂಬಿಸಿದ. ಜೋಡಿ ನಡೆಯುತ್ತದೆ, ಊರು ನಮ್ಮ ತಲೆಯಲ್ಲೇ ಕಟ್ಟಿಕೊಳ್ಳುತ್ತದೆ. ಆ ನೆರಳನ್ನು ನೀವು ಎತ್ತಿದಿರೋ, ಊರು ಹೋಗಿ ಸ್ಟುಡಿಯೋ ಆಗುತ್ತದೆ. ನಾನು ಮಾಡುವುದಿಷ್ಟು: ಪ್ರತಿ ದೃಶ್ಯದಲ್ಲೂ ನಿಜಕ್ಕೂ ಕಪ್ಪಿರಲೇಬೇಕಾದ ಒಂದು ವಸ್ತು ಹುಡುಕುತ್ತೇನೆ, ಟೋಪಿಯ ಅಡಿಯೋ ಕಾರಿನ ಟೈರೋ. ಅದನ್ನು ಸಾಫ್ಟ್‌ವೇರಿನ ಬೆಳಕಿನ ಗ್ರಾಫಿನಲ್ಲಿ ಸೊನ್ನೆಯಿಂದ ಕೂದಲೆಳೆ ಮೇಲೆ ನಿಲ್ಲಿಸುತ್ತೇನೆ. ಉಳಿದದ್ದು ಅದರ ಹಿಂದೆ ಬರುತ್ತದೆ. ಇದನ್ನು ರಾತ್ರಿ ಕೂತು ಮಾಡಿ. ಕಿಟಕಿಯಲ್ಲಿ ಬಿಸಿಲಿದ್ದರೆ ನಿಮ್ಮ ಕೈ ತನ್ನಷ್ಟಕ್ಕೆ ತಾನೇ ಬೆಳಕು ಏರಿಸುತ್ತದೆ.

ಗ್ರೇನ್ ಮುಟ್ಟಬೇಡಿ. ಆ ಸಣ್ಣ ರವೆಯೇ ಚಿತ್ರ. ಅದನ್ನು ಉಜ್ಜಿದರೆ ಮುಖಗಳು ಮೇಣದ ಗೊಂಬೆಯಾಗುತ್ತವೆ.

ಒಂದು ತಮಾಷೆ. ಡಿಟೂರ್‌ನ ಕೆಲವು ಶಾಟುಗಳಲ್ಲಿ ನೆಗೆಟಿವನ್ನೇ ಮಗುಚಿದ್ದಾರೆ. ಪೂರ್ವದಿಂದ ಪಶ್ಚಿಮಕ್ಕೆ ಹೋಗುವವನು ಪರದೆಯಲ್ಲಿ ಬಲದಿಂದ ಎಡಕ್ಕೆ ಹೋಗಬೇಕಲ್ಲ, ಅದಕ್ಕೆ. ಹಾಗಾಗಿ ಅಮೆರಿಕದ ಕಾರಿಗೆ ಸ್ಟೀರಿಂಗ್ ಬಲಗಡೆ ಬಂದಿದೆ, ಕಾರುಗಳು ರಸ್ತೆಯ ಎಡಕ್ಕೆ ಓಡುತ್ತವೆ. ಅಲ್ಲಿನವರು ಇದನ್ನು ನೋಡಿ ನಗುತ್ತಾರೆ. ಮೈಸೂರಿನಲ್ಲಿ 70 ಜನರಲ್ಲಿ ಒಬ್ಬರೂ ಗಮನಿಸಲಿಲ್ಲ! ನಮಗೆ ಅದೇ ಸರಿಯಾಗಿ ಕಂಡಿತು. ಇಂಥದ್ದನ್ನು ತಿದ್ದಲು ಹೋಗಬೇಡಿ. ತಿದ್ದಿದರೆ ಅದು ನಿಮ್ಮ ಸಿನಿಮಾ, ಉಲ್ಮರ್‌ದಲ್ಲ.

ಸೌಂಡಿಗೂ ಇದೇ ಮಾತು. ಜಾಯಿಂಟಿನ ಟಕ್ ಟಕ್ ತೆಗೆಯಿರಿ. ಗುಂಯ್ ಅನ್ನುವ ಸದ್ದು ಇದ್ದರೆ 60 ಹರ್ಟ್ಸ್‌ನಲ್ಲಿ ಹುಡುಕಿ. ಅಲ್ಲಿನ ಕರೆಂಟು 60, ನಮ್ಮ ಹಾಗೆ 50 ಅಲ್ಲ. ಹಿಸ್ ಶಬ್ದವನ್ನು ಒಂದಿಷ್ಟು ಇಳಿಸಿ ಸಾಕು ಮಾಡಿ. ಪೂರ್ತಿ ತೆಗೆದರೆ ಎಲ್ಲರೂ ಕೊಳದೊಳಗೆ ನಿಂತು ಮಾತಾಡಿದ ಹಾಗಾಗುತ್ತದೆ.

ಕನ್ನಡ ಸಬ್‌ಟೈಟಲ್

ಇಲ್ಲಿ ನನ್ನ ಮೊದಲ ಪ್ರಯತ್ನ ಮಾನ ಕಳೆಯಿತು. ಡಿಟೂರ್ ನಾಯಕ ಇಡೀ ಸಿನಿಮಾ ತನ್ನ ಪಾಡು ತಾನೇ ಹೇಳಿಕೊಳ್ಳುತ್ತಾನೆ. ನಾನು "ವಿಧಿಯ ಕೈವಾಡ" ಅಂತೆಲ್ಲ ಬರೆದಿದ್ದೆ. ಜನ ಯಕ್ಷಗಾನದ ಅರ್ಥಧಾರಿ ಬಂದ ಅಂತ ನಕ್ಕರು. ಈಗ "ನನ್ನ ಗ್ರಹಚಾರ" ಅಂತ ಇದೆ, ಯಾರೂ ನಗುವುದಿಲ್ಲ. ನುವಾರ್‌ನ ಗಂಡಸರನ್ನು ಯಾರೋ ಒಬ್ಬರು ಸಿಕ್ಕಿಸಿಹಾಕಿರುತ್ತಾರೆ. ಅದಕ್ಕೆ ನಮ್ಮಲ್ಲಿ 'ಬಕ್ರಾ' ಅನ್ನುವ ಪದಕ್ಕಿಂತ ಒಳ್ಳೆಯದು ಇಲ್ಲ. ಮಾತು ಬಹಳ ವೇಗ, ಎಲ್ಲವನ್ನೂ ಬರೆಯಲು ಹೋದರೆ ಮುಖ ನೋಡಲು ಟೈಮೇ ಸಿಗದು. ಅರ್ಧ ಬಿಡಿ.

ಅಕ್ಷರವನ್ನು ಅಪ್ಪಟ ಬಿಳಿ ಮಾಡಬೇಡಿ. ಕತ್ತಲೆ ದೃಶ್ಯದಲ್ಲಿ ಅದೇ ಟಾರ್ಚ್ ಹಿಡಿದ ಹಾಗೆ ಕಣ್ಣಿಗೆ ಹೊಡೆಯುತ್ತದೆ, ಮೇಲಿನ ನೆರಳು ಸಾಯುತ್ತದೆ. ಬಿಳಿಯ ಮುಕ್ಕಾಲು ಪಾಲಿನಷ್ಟು ಬೂದು ಇಡಿ. ಕನ್ನಡಕ್ಕೆ ಒತ್ತಕ್ಷರದ ಕಾಟ ಬೇರೆ. ಎರಡು ಸಾಲಿನ ನಡುವೆ ಜಾಗ ಬಿಡದಿದ್ದರೆ ಮೇಲಿನ ಒತ್ತು ಕೆಳಗಿನ ಗುಡಿಸಿಗೆ ತಾಗುತ್ತದೆ. 'ಸ್ತ್ರೀ', 'ರಾಷ್ಟ್ರ', 'ಅರ್ಧ' ಈ ಮೂರು ಪದ ಹಾಕಿ ಪರದೆಯ ಮೇಲೆ ಮೊದಲೇ ನೋಡಿ. ಒಡೆದು ಕಂಡರೆ ಸಬ್‌ಟೈಟಲನ್ನು ಚಿತ್ರದೊಳಗೇ ಅಚ್ಚು ಮಾಡಿಬಿಡಿ.

ಹಕ್ಕಿನ ಮಾತು ಸಣ್ಣದಾಗಿ. ನಮ್ಮ ಕಾನೂನಿನಲ್ಲಿ ಸಿನಿಮಾದ ಹಕ್ಕು ಬಿಡುಗಡೆಯಾದ ಮುಂದಿನ ವರ್ಷದಿಂದ 60 ವರ್ಷ. ಸಿನಿಮಾ ಹಳೆಯದಾದರೂ ರಿಪೇರಿ ಮಾಡಿದ ಪ್ರತಿ ಕೊಡುವವರ ಷರತ್ತು ಬೇರೆ ಇರುತ್ತದೆ, ಓದಿ ಸಹಿ ಹಾಕಿ. ಟಿಕೆಟ್ ಇಟ್ಟು ಸಾರ್ವಜನಿಕರಿಗೆ ತೋರಿಸುವುದಾದರೆ ಸೆನ್ಸಾರ್ ಸರ್ಟಿಫಿಕೇಟಿನ ವಿಷಯವನ್ನೂ ತಿಳಿದವರ ಹತ್ತಿರ ಕೇಳಿಕೊಳ್ಳಿ.

ಕನ್ನಡಿಗೆ ಕಂಬಳಿ

ಡಾನ್ಸ್ ಹಾಲಿನ ಒಂದು ಗೋಡೆ ಪೂರ್ತಿ ಕನ್ನಡಿ. ಮೊದಲ ಪ್ರದರ್ಶನದ ದಿನ ಪರದೆಯ ಬೆಳಕು ಕನ್ನಡಿಗೆ ಬಿದ್ದು, ಅಲ್ಲಿಂದ ಬಿಳಿ ಸೂರಿಗೆ ಹೋಗಿ, ಮತ್ತೆ ಪರದೆಗೇ ಬಂತು. ಕೊಲೆಗಾರ ಅವಿತಿದ್ದ ಮೂಲೆ ಹಾಲು ಚೆಲ್ಲಿದ ಹಾಗೆ ಬೆಳ್ಳಗೆ. ಇದರಲ್ಲಿ ನನಗೊಂದು ವಿಚಿತ್ರ ಕಾಣುತ್ತದೆ. ನಮ್ಮ ಮೈಸೂರಿನವರೇ ಆದ ಛಾಯಾಗ್ರಾಹಕ ವಿ. ಕೆ. ಮೂರ್ತಿ 'ಕಾಗಜ್ ಕೆ ಫೂಲ್' ಸಿನಿಮಾದಲ್ಲಿ ಕನ್ನಡಿಯಿಂದಲೇ ಬಿಸಿಲು ತಂದು ಕತ್ತಲ ಸ್ಟುಡಿಯೋದೊಳಗೆ ಆ ಬೆಳಕಿನ ಕಂಬ ನಿಲ್ಲಿಸಿದರು. ಅದೇ ಮೈಸೂರಿನಲ್ಲಿ ನಾನು ಕನ್ನಡಿಗೆ ಕಂಬಳಿ ಹೊದಿಸುತ್ತ ಓಡಾಡುತ್ತೇನೆ. 11 ಕಂಬಳಿ ಬೇಕು. ಮೂರು ತಿಂಗಳಿಗೊಮ್ಮೆ ಅಮೆರಿಕದ ನುವಾರ್ ಜೊತೆ ಮೂರ್ತಿಯವರ 'ಜಾಲ್' (1952) ಅಥವಾ 'ಸಿ.ಐ.ಡಿ.' (1956) ಇಡುತ್ತೇವೆ. ಅವತ್ತು ಕುರ್ಚಿ ಸಾಲುವುದಿಲ್ಲ.

ನಿಮ್ಮ ಹಾಲಿನಲ್ಲಿ ಮೊದಲು ದೀಪ ಎಲ್ಲ ಆರಿಸಿ, ಪ್ರೊಜೆಕ್ಟರ್ ಹಾಕದೆ ಹತ್ತು ನಿಮಿಷ ಸುಮ್ನೆ ಕೂರಿ. ಕಣ್ಣು ಹೊಂದಿಕೊಂಡ ಮೇಲೆ ಎಲ್ಲೆಲ್ಲಿ ಬೆಳಕು ಸೋರುತ್ತದೆ ಅಂತ ತಾನಾಗೇ ಕಾಣುತ್ತದೆ: ಬಾಗಿಲ ಸಂದಿ, ಆಂಪ್ಲಿಫೈಯರಿನ ನೀಲಿ ಕಣ್ಣು, ಎಕ್ಸ್‌ಟೆನ್ಷನ್ ಬಾಕ್ಸಿನ ಕೆಂಪು ಬಲ್ಬು. ಕಪ್ಪು ಟೇಪ್ ಹಚ್ಚಿ. ಹೊರಹೋಗುವ ಬಾಗಿಲ ದೀಪ ಮಾತ್ರ ಮುಚ್ಚಬೇಡಿ, ಅದು ಪ್ರಾಣದ ವಿಷಯ.

ಪ್ರೊಜೆಕ್ಟರಿನಲ್ಲಿ 'ವಿವಿಡ್', 'ಡೈನಾಮಿಕ್ ಕಾಂಟ್ರಾಸ್ಟ್', ಚಲನೆ ನಯ ಮಾಡುವ ಆಯ್ಕೆ, ಎಲ್ಲ ಆಫ್. 'ಸಿನಿಮಾ' ಮೋಡ್ ಇಡಿ. ಲ್ಯಾಪ್‌ಟಾಪನ್ನು 24 ಹರ್ಟ್ಸ್‌ಗೆ ಹಾಕಿ. ಆಮೇಲೆ ಮುಖ್ಯವಾದದ್ದು ಎಚ್‌ಡಿಎಂಐ ರೇಂಜ್, ಅಂದರೆ ಕೇಬಲಿನಲ್ಲಿ ಹೋಗುವ ಚಿತ್ರದಲ್ಲಿ ಕಪ್ಪು ಎಲ್ಲಿ ಶುರು, ಬಿಳಿ ಎಲ್ಲಿ ಕೊನೆ ಅನ್ನುವ ಲೆಕ್ಕ. ಲ್ಯಾಪ್‌ಟಾಪ್ 'ಲಿಮಿಟೆಡ್' ಕಳಿಸಿ ಪ್ರೊಜೆಕ್ಟರ್ 'ಫುಲ್' ಅಂದುಕೊಂಡರೆ ಕಪ್ಪು ಬೂದಿಯಾಗುತ್ತದೆ. ಉಲ್ಟಾ ಆದರೆ ನೆರಳೆಲ್ಲ ಒಂದೇ ಕಪ್ಪು ಉಂಡೆ, ಕರಿ ಕೋಟಿನ ಗುಂಡಿ ಕಾಣುವುದಿಲ್ಲ. ಎರಡೂ ಕಡೆ ಒಂದೇ ಇರಲಿ. "ಹಳೇ ಸಿನಿಮಾ ಅಲ್ವಾ, ಹಾಗೇ ಇರತ್ತೆ" ಅಂತ ಜನ ಸಹಿಸಿಕೊಳ್ಳುವ ದೋಷ ಬಹಳ ಸಲ ಈ ಒಂದು ಸೆಟ್ಟಿಂಗು.

ಚಿತ್ರದ ಆಕಾರ 1.37ಕ್ಕೆ 1, ಹೆಚ್ಚುಕಡಿಮೆ ಹಳೇ ಟಿವಿ. ಎಡಬಲ ಖಾಲಿ ಉಳಿಯುತ್ತದೆ. "ಪರದೆ ತುಂಬಿಸಿ ಮೇಡಂ" ಅಂತ ಯಾರೋ ಹೇಳೇ ಹೇಳುತ್ತಾರೆ. ತುಂಬಿಸಿದರೆ ತಲೆ ಹೋಗುತ್ತದೆ, ಇಲ್ಲ ಗಲ್ಲ ಹೋಗುತ್ತದೆ. ಬದಲಿಗೆ ಖಾಲಿ ಭಾಗಕ್ಕೆ ಕಪ್ಪು ಬಟ್ಟೆ ಇಳಿಬಿಡಿ. ಪಕ್ಕದಲ್ಲಿ ನಿಜವಾದ ಕಪ್ಪು ಇದ್ದರೆ ಪರದೆಯ ಮೇಲಿನ ಕಪ್ಪೂ ಗಟ್ಟಿಯಾಗಿ ಕಾಣುತ್ತದೆ. ಮೀಟರ್ ಲೆಕ್ಕದಲ್ಲಿ ತಂದ ಈ ಬಟ್ಟೆ ನನ್ನ ಪ್ರೊಜೆಕ್ಟರಿಗಿಂತ ಜಾಸ್ತಿ ಕೆಲಸ ಮಾಡಿದೆ. ಥಿಯೇಟರಿನಲ್ಲಿ ಡಿಸಿಪಿ (ಥಿಯೇಟರಿನ ಡಿಜಿಟಲ್ ಪ್ರತಿ) ಹಾಕುವುದಾದರೆ 1998 ಪಿಕ್ಸೆಲ್ ಅಗಲದ 'ಫ್ಲಾಟ್' ಚೌಕಟ್ಟಿನಲ್ಲಿ ಚಿತ್ರ 1480 ಪಿಕ್ಸೆಲ್ ಅಗಲಕ್ಕೆ ಕೂರುತ್ತದೆ. ಎರಡು ದಿನ ಮೊದಲೇ ಡ್ರೈವ್ ಕೊಟ್ಟು, ಆಪರೇಟರ್ ಜೊತೆ ಟೀ ಕುಡಿದು, ಜೂಮ್ ಮಾಡಬೇಡಿ ಅಂತ ಹೇಳಿ ಬನ್ನಿ.

ಸೌಂಡ್ ಮೋನೋ. ಎಡಕ್ಕೊಂದು ಬಲಕ್ಕೊಂದು ಸ್ಪೀಕರ್ ಬೇಡ, ಪರದೆಯ ಕೆಳಗೆ ನಡುವೆ ಒಂದೇ ಇಡಿ. ಮಾತು ಬಾಯಿಂದಲೇ ಬಂದ ಹಾಗಿರುತ್ತದೆ.

ಪ್ರದರ್ಶನಕ್ಕೆ ಮುಂಚೆ ಐದು ನಿಮಿಷಕ್ಕಿಂತ ಜಾಸ್ತಿ ಮಾತಾಡಬೇಡಿ, ಕತೆ ಹೇಳಲೇಬೇಡಿ. ನಾನು ಹೇಳುವುದು ಎರಡೇ: ಇವರೆಲ್ಲ ಬಹಳ ಸಿಗರೇಟು ಸೇದುತ್ತಾರೆ, ನೀವು ಸೇದಬೇಡಿ. ಮತ್ತೆ ಈ ಸಿನಿಮಾ 68 ನಿಮಿಷ ಅಷ್ಟೇ, ಇಂಟರ್ವಲ್ ಇಲ್ಲ, ಬೋಂಡ ಮುಗಿದ ಮೇಲೆ ಸಿಗುತ್ತದೆ. ಡಿಟೂರ್‌ನಲ್ಲಿ ನಟಿ ಆ್ಯನ್ ಸ್ಯಾವೇಜ್ ಕಾರು ಹತ್ತುವವರೆಗೆ ಹಿಂದಿನ ಸಾಲಿನ ಕಾಲೇಜು ಹುಡುಗರು ಗುಸುಗುಸು ಅನ್ನುತ್ತಿದ್ದರು. ಅವಳು ಕಣ್ಣು ಮುಚ್ಚಿ ಒರಗಿದವಳು ತಟ್ಟನೆ ತಿರುಗಿ ನಾಯಕನನ್ನು ಕೇಳುವ ಒಂದು ಪ್ರಶ್ನೆ ಇದೆ. ಅಲ್ಲಿಂದ ಫ್ಯಾನಿನ ಸದ್ದು ಮಾತ್ರ.

ಮುಗಿದ ಮೇಲೆ ದೀಪವನ್ನು ಒಮ್ಮೆಲೇ ಹಾಕಬೇಡಿ. ಒಂದು ಮೂಲೆಯ ಬಲ್ಬು ಹಾಕಿ, ಜನ ಏಳಲಿ. ಡಿಸ್ಕ್ ತೆಗೆದು ಬ್ಯಾಗಿಗೆ ಹಾಕಿಕೊಳ್ಳಿ. ನಾವು ಅವತ್ತೇ ರಾತ್ರಿ ಕಂಬಳಿ ಇಳಿಸಿ, ಮಡಿಸಿ, ಕನ್ನಡಿ ಒರೆಸಿ ಹೋಗುತ್ತೇವೆ. ಸೋಮವಾರ ಬೆಳಗ್ಗೆ 6ಕ್ಕೆ ಮಕ್ಕಳ ಅಡವು ಕ್ಲಾಸ್ ಇದೆ.